ಶಿವಾಜಿನಗರದ ಒಂದು ಯಾತ್ರೆ

ಕ್ಷೇತ್ರಗಳನ್ನು ಸುತ್ತಿದ ಮಾತ್ರಕ್ಕೆ ಪುಣ್ಯ ಕೈಸೇರುವುದೆಂಬ ನಂಬಿಕೆಯನ್ನು ಬಸವಾದಿ ಶರಣರು ಒಪ್ಪಲಿಲ್ಲ. ಆದರೂ ಅಲ್ಲಮಪ್ರಭುಗಳು ನಾಡನ್ನೆಲ್ಲ ಸಂಚರಿಸಿದರು. ಅಕ್ಕಮಹಾದೇವಿ ಕಲ್ಯಾಣಕ್ಕೂ ಶ್ರೀಶೈಲಕ್ಕೂ ನಡೆದಳು. ನಡೆಯುವುದರಲ್ಲಿ ದೋಷವಿಲ್ಲ, ಯಾವ ಭಾವದಿಂದ ನಡೆಯುತ್ತೇವೆಂಬುದೇ ಮುಖ್ಯವೆಂದು ಪ್ರಸಾದ ನಿಲಯದಲ್ಲಿ ಓದುತ್ತಿದ್ದಾಗ ಹಿರಿಯರ ಬಾಯಿಂದ ಹಲವು ಬಾರಿ ಕೇಳಿದ್ದೇನೆ. ಈ ಮಾತಿನ ಅರ್ಥವನ್ನು ಕಣ್ಣಾರೆ ಕಾಣುವ ಅವಕಾಶ ನನಗೆ ಒದಗಿದುದು ನಮ್ಮ ಸಂಪ್ರದಾಯದ ಯಾವ ಕ್ಷೇತ್ರದಲ್ಲಿಯೂ ಅಲ್ಲ. ಬೆಂಗಳೂರಿನ ಶಿವಾಜಿನಗರದಲ್ಲಿ, ಕಥೋಲಿಕ ಕ್ರೈಸ್ತರ ಆರೋಗ್ಯಮಾತೆಯ ಉತ್ಸವದಲ್ಲಿ. ಆ ಅನುಭವವನ್ನು ವಾಚಕ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ನಾನು ಮೂಡಿಗೆರೆ ತಾಲ್ಲೂಕಿನವನು. ನಮ್ಮ ಕಡೆಯವರಿಗೆ ಯಾತ್ರಾಸ್ಥಳವೆಂದರೆ ಮೊದಲು ನೆನಪಾಗುವುದು ದೇವರಮನೆ. ಗುತ್ತಿಹಳ್ಳಿಯ ಆಚೆ ಹುಲ್ಲು ಹೊದ್ದ ಗುಡ್ಡಗಳ ನಡುವೆ ಕಾಲಭೈರವೇಶ್ವರನ ಹಳೆಯ ಕಲ್ಲಿನ ಗುಡಿ, ಅದರ ಎದುರಿಗೆ ಒಂದು ಕೆರೆ, ಸುತ್ತಲೂ ಕಣಿವೆಗಳಲ್ಲಿ ಅಡಗಿದ ಶೋಲಾ ಕಾಡು. ಮಳೆಗಾಲದಲ್ಲಿ ಮಂಜು ಕವಿದರೆ ಗುಡಿಯ ಬಾಗಿಲಲ್ಲಿ ನಿಂತವನಿಗೆ ಕೆರೆಯೇ ಕಾಣಿಸದು. ಈಚಿನ ವರ್ಷಗಳಲ್ಲಿ ಅಲ್ಲಿಗೂ ಪ್ರವಾಸಿಗರ ವಾಹನಗಳು ಸಾಲುಗಟ್ಟುತ್ತವೆಯಾದರೂ ಜನವಿಲ್ಲದ ದಿನ ಹೋದರೆ ಗಾಳಿಯ ಶಬ್ದದ ಹೊರತು ಬೇರೆ ಶಬ್ದ ಕಿವಿಗೆ ಬೀಳದು. ದೇವರ ಸಾನ್ನಿಧ್ಯಕ್ಕೆ ಏಕಾಂತ ಬೇಕು, ಎತ್ತರ ಬೇಕು, ಮೌನ ಬೇಕು ಎಂಬ ಭಾವನೆ ಇಂಥ ಸ್ಥಳದ ಆಸುಪಾಸಿನಲ್ಲಿ ಬೆಳೆದವನಿಗೆ ಸಹಜವಾದುದು. ಲಕ್ಷಾಂತರ ಜನ, ವಾಹನಗಳ ಗದ್ದಲ, ಹತ್ತಾರು ಭಾಷೆಗಳ ಮಹಾನಗರದಲ್ಲಿ ಯಾತ್ರೆಯೆಂಬುದು ಹೇಗೆ ಸಾಧ್ಯವೆಂದು ನಾನು ಬಹುಕಾಲ ಯೋಚಿಸಿದ್ದುಂಟು.

ನಮ್ಮ ಕಾಫಿಸೀಮೆಯ ಜನಜೀವನವನ್ನು ಬಲ್ಲವರಿಗೆ ಅಲ್ಲಿನ ಕೊಂಕಣಿ ಕ್ರೈಸ್ತ ಕುಟುಂಬಗಳು ಅಪರಿಚಿತವಲ್ಲ. ಕರಾವಳಿಯಿಂದ ಘಟ್ಟ ಹತ್ತಿ ಬಂದು, ಕೆಲವರು ತೋಟ ಮಾಡಿ, ಹಲವರು ತೋಟಗಳಲ್ಲಿ ದುಡಿದು ಇಲ್ಲಿಯವರೇ ಆಗಿಹೋದವರು. 1963ರಲ್ಲಿ ಚಿಕ್ಕಮಗಳೂರು ಪ್ರತ್ಯೇಕ ಧರ್ಮಪ್ರಾಂತವಾಯಿತು. ಸೆಪ್ಟೆಂಬರ್ 8 ಅವರಿಗೆ ಮೊಂತಿ ಹಬ್ಬ, ಮೇರಿಮಾತೆಯ ಜನ್ಮದಿನ. ಒಂಬತ್ತು ದಿನ ಮಕ್ಕಳು ಹೂ ತಂದು ಮಾತೆಗೆ ಅರ್ಪಿಸುವರು. ಹಬ್ಬದ ದಿನ ಇಗರ್ಜಿಯಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೂ ಕೊಡುವರು. ಮನೆಯವರೆಲ್ಲ ಸೇರಿ ಹೊಸ ಅಕ್ಕಿಯ ಊಟ ಮಾಡುವರು. ನಾವು ಕದಿರು ತಂದು ಬಾಗಿಲಿಗೆ ಕಟ್ಟುವುದಕ್ಕೂ ಅವರು ತೆನೆ ತರುವುದಕ್ಕೂ ಮೂಲದಲ್ಲಿ ಹೆಚ್ಚಿನ ಅಂತರವಿಲ್ಲ. ಎರಡೂ ಮಣ್ಣಿನ ಋಣವನ್ನು ನೆನೆಯುವ ರೀತಿಗಳೇ.

ನಮ್ಮ ಮನೆಯ ನೆರೆಯಲ್ಲಿ ಇಂಥದೊಂದು ಕುಟುಂಬವಿದೆ. ಯಜಮಾನರು ಹತ್ತಿರದ ತೋಟವೊಂದರಲ್ಲಿ ರೈಟರಾಗಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಲೆಕ್ಕಪತ್ರ ನೋಡಿಕೊಂಡವರು. ಅವರ ಹೆಂಡತಿಯನ್ನು ಊರಿನವರೆಲ್ಲ ಬಾಯಮ್ಮ ಎಂದೇ ಕರೆಯುವುದು. 1988ರ ಮಳೆಗಾಲದಲ್ಲಿ ಬಾಯಮ್ಮನವರಿಗೆ ವಿಷಮಶೀತ ಜ್ವರ ಬಂದು, ಇನ್ನು ಉಳಿಯಲಾರರೆಂದು ಎಲ್ಲರೂ ಕೈಬಿಟ್ಟಿದ್ದಾಗ, ರೈಟರು ಶಿವಾಜಿನಗರದ ಮಾತೆಗೆ ಹರಕೆ ಹೊತ್ತರು. ಹೆಂಡತಿ ಬದುಕಿದರೆ ಪ್ರತಿವರ್ಷ ಸೆಪ್ಟೆಂಬರ್ 8ರಂದು ಬಂದು ಮೇಣದ ಬತ್ತಿ ಹಚ್ಚುವೆನೆಂದು ಹೇಳಿಕೊಂಡರು. ಬಾಯಮ್ಮನವರು ಬದುಕಿದರು. ರೈಟರು ಮಾತಿಗೆ ತಪ್ಪಲಿಲ್ಲ. ತಮ್ಮ ಊರಿನ ಹಬ್ಬವನ್ನು ಬಿಟ್ಟು, ಕೈಚೀಲ ಹಿಡಿದು ಹಿಂದಿನ ರಾತ್ರಿಯ ಬಸ್ಸು ಹತ್ತುವರು. ಮರುದಿನ ರಾತ್ರಿ ಹೊರಟು ಹಿಂದಿರುಗುವರು. 2020ರಲ್ಲಿ ಕೋವಿಡ್ ಸಾಂಕ್ರಾಮಿಕದಿಂದಾಗಿ ಉತ್ಸವಕ್ಕೆ ಜನ ಸೇರುವಂತಿರಲಿಲ್ಲ. ಆ ದಿನ ಅವರು ಮನೆಯ ಜಗಲಿಯಲ್ಲಿ ಪೂರ್ವಾಭಿಮುಖವಾಗಿ ಕುಳಿತು ಬತ್ತಿ ಹಚ್ಚಿದ್ದನ್ನು ನಾನು ಕಂಡಿದ್ದೇನೆ.

ಮಾತೆಗೆ ಒಂದು ಸೀರೆ ಒಪ್ಪಿಸಬೇಕೆಂಬುದು ಅವರ ಬಹುದಿನದ ಅಪೇಕ್ಷೆಯಾಗಿತ್ತು. ನಿವೃತ್ತಿಯ ಹಣದಲ್ಲಿ ತಿಳಿನೀಲಿ ಬಣ್ಣದ ಜರಿಯಂಚಿನ ಸೀರೆಯೊಂದನ್ನು ತಂದು ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅದನ್ನು ಕೊಂಡೊಯ್ಯುವ ಮೊದಲೇ, 2023ರ ಜೂನ್ ತಿಂಗಳಲ್ಲಿ ತೀರಿಕೊಂಡರು. ಬಾಯಮ್ಮನವರಿಗೆ ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತಲಾಗದು. ಮಕ್ಕಳು ಹೊರದೇಶದಲ್ಲಿದ್ದಾರೆ. ಮರುವರ್ಷ ಆಗಸ್ಟ್ ಕೊನೆಯಲ್ಲಿ ನಾನು ತಂಗಿಯ ಮಗನ ಮನೆಗೆ ಬೆಂಗಳೂರಿಗೆ ಹೊರಡುವ ಸುದ್ದಿ ತಿಳಿದು ನಮ್ಮಲ್ಲಿಗೆ ಬಂದರು. ಸೆರಗಿನಲ್ಲಿ ಸುತ್ತಿದ್ದ ಸೀರೆಯನ್ನು ನನ್ನ ಮಡದಿಯ ಕೈಗಿತ್ತು, "ಮೇಷ್ಟ್ರೇ, ಇದನ್ನು ಅಲ್ಲಿ ಮುಟ್ಟಿಸಿಬಿಡಿ. ಅವರ ಸಾಲ ನನ್ನ ಮೇಲೆ ಕೂತಿದೆ" ಎಂದರು. ಬೇರೆ ಏನನ್ನೂ ಹೇಳಲಿಲ್ಲ.

ಊರಿನ ಹಿರಿಯ ಬಂಧುಗಳೊಬ್ಬರಿಗೆ ಈ ವಿಷಯ ಸರಿಬೀಳಲಿಲ್ಲ. "ಲಿಂಗ ಕಟ್ಟಿದವರು ನೀವು. ಇಗರ್ಜಿಗೆ ಸೀರೆ ಹೊತ್ತುಕೊಂಡು ಹೋಗುವುದೆಂದರೇನು?" ಎಂದು ಕೇಳಿದರು. ಅವರ ಮಾತಿನಲ್ಲಿ ದ್ವೇಷವಿರಲಿಲ್ಲ. ನಿಷ್ಠೆಗೆ ಲೋಪ ಬಂದೀತೆಂಬ ಕಳವಳವಿತ್ತು. "ರೈಟರ ಬ್ಯಾಂಕಿನ ಸಾಲದ ಕಂತನ್ನು ಕಟ್ಟಿ ಬನ್ನಿರೆಂದರೆ ಹೋಗಿ ಕಟ್ಟುತ್ತಿದ್ದೆನಲ್ಲವೆ ಅಣ್ಣಾ? ಇದೂ ಅವರ ಸಾಲವೇ" ಎಂದೆ. ಅವರು ಸುಮ್ಮನಾದರು, ಒಪ್ಪಿದರೆಂದು ಹೇಳಲಾರೆ. ಇಷ್ಟಲಿಂಗವನ್ನು ನಂಬಿದವನು ಇನ್ನೊಬ್ಬರ ನಂಬಿಕೆಗೆ ಹೆಗಲು ಕೊಡಬಹುದೆ, ಕೊಟ್ಟರೆ ಎಲ್ಲಿಯವರೆಗೆ ಎಂಬ ಪ್ರಶ್ನೆ ಮಾತ್ರ ನನ್ನೊಡನೆಯೇ ಬಸ್ಸು ಹತ್ತಿತು.

ಶಿವಾಜಿನಗರದ ಸಂತ ಮೇರಿಯ ಬಸಿಲಿಕಾದ ಚರಿತ್ರೆ ಬೆಂಗಳೂರಿನ ಚರಿತ್ರೆಯೊಡನೆ ಹೆಣೆದುಕೊಂಡಿದೆ. ತಮಿಳುನಾಡಿನ ಸೆಂಜಿಯ ಕಡೆಯಿಂದ ಬಂದು ನೆಲೆಸಿದ ಕ್ರೈಸ್ತರು ಇಲ್ಲಿ ಹುಲ್ಲು ಹೊದಿಸಿದ ಚಿಕ್ಕ ಗುಡಿಯೊಂದನ್ನು ಕಟ್ಟಿಕೊಂಡಿದ್ದರೆಂದೂ, ಬಿಳಿ ಅಕ್ಕಿ ಬೆಳೆಯುತ್ತಿದ್ದ ಈ ಹಳ್ಳಿಗೆ ಬಿಳಿ ಅಕ್ಕಿ ಪಳ್ಳಿ ಎಂಬ ಹೆಸರಿದ್ದಿತೆಂದೂ ಪ್ರತೀತಿ. ಇಂಗ್ಲಿಷರ ಬಾಯಲ್ಲಿ ಅದೇ ಬ್ಲಾಕ್‌ಪಳ್ಳಿಯಾಯಿತೆನ್ನುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ತರುವಾಯ ಫ್ರೆಂಚ್ ಪಾದ್ರಿ ಅಬೆ ದ್ಯುಬುವಾ ಮೈಸೂರು ಸೀಮೆಗೆ ಬಂದರು. ಇವರು ನಮ್ಮ ಜನರಂತೆಯೇ ಉಡುಗೆ ತೊಟ್ಟು, ನಮ್ಮ ಜನರಂತೆಯೇ ಉಂಡು ಬಾಳಿದವರು. ಸಿಡುಬು ಹಬ್ಬಿದ್ದ ಕಾಲದಲ್ಲಿ ಹಳ್ಳಿಗಳಲ್ಲಿ ದೇವಿ ಹಾಕಿಸುವ ಕಾರ್ಯಕ್ಕೆ ನಿಂತವರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ಲಾಕ್‌ಪಳ್ಳಿಯ ಪ್ರಾರ್ಥನಾ ಮಂದಿರವನ್ನು ಕಟ್ಟಿಸಿದವರೂ ಇವರೇ. 1809ರ ವೇಳೆಗೆ ದಂಡು ಪ್ರದೇಶ ತಲೆಯೆತ್ತಿತು; ಸೈನ್ಯದೊಡನೆ ತಮಿಳು ಮಾತನಾಡುವ ಕೆಲಸಗಾರರೂ ವರ್ತಕರೂ ಬಂದರು; ಮಂದಿರಕ್ಕೆ ಬರುವವರ ಸಂಖ್ಯೆಯೂ ಬೆಳೆಯಿತು.

ಈಗ ಕಾಣುವ ಗೋಥಿಕ್ ಶೈಲಿಯ ಕಟ್ಟಡವನ್ನು ಪಾದ್ರಿ ಕ್ಲೈನರ್ ಅವರು 1875ರಲ್ಲಿ ಆರಂಭಿಸಿದರು. 1882ರ ಸೆಪ್ಟೆಂಬರ್ 8ರಂದು, ಮಾತೆಯ ಜನ್ಮದಿನದಂದೇ, ಅದರ ಪ್ರತಿಷ್ಠಾಪನೆಯಾಯಿತು. ಚೂಪುಗಮಾನುಗಳು, ಬಣ್ಣದ ಗಾಜಿನ ಕಿಟಕಿಗಳು, ಮುಂಭಾಗದ ಎತ್ತರದ ಗೋಪುರ ಇವನ್ನು ನೋಡಿದರೆ ಯೂರೋಪಿನ ಯಾವುದೋ ನಗರದಿಂದ ತಂದು ನಿಲ್ಲಿಸಿದಂತೆ ತೋರುತ್ತದೆ. 1974ರಲ್ಲಿ ಪೋಪ್ ಆರನೆಯ ಪಾಲ್ ಅವರ ಅನುಗ್ರಹದಿಂದ ಇದಕ್ಕೆ ಕಿರಿಯ ಬಸಿಲಿಕಾ ಎಂಬ ಗೌರವ ಪ್ರಾಪ್ತವಾಯಿತು. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ದೇವಾಲಯಕ್ಕೂ 2016ರಲ್ಲಿ ಇದೇ ಗೌರವ ಬಂದುದನ್ನು ವಾಚಕರು ಬಲ್ಲರು.

2024ರ ಸೆಪ್ಟೆಂಬರ್ 8 ಭಾನುವಾರವಾಗಿತ್ತು. ಹಿಂದಿನ ದಿನವಷ್ಟೇ ಗಣೇಶ ಚತುರ್ಥಿ. ಬೆಳಗಿನ ಶಿವಪೂಜೆ ಮುಗಿಸಿ, ಹಣೆಯ ವಿಭೂತಿಯೊಡನೆಯೇ ಹೊರಟೆ. ದಾರಿಯುದ್ದಕ್ಕೂ ಬೀದಿಬೀದಿಯ ಚಪ್ಪರಗಳಲ್ಲಿ ಗಣಪತಿ ಕುಳಿತಿದ್ದ. ಒಂದು ವಾರ ಕಳೆದರೆ ಈದ್ ಮಿಲಾದ್. 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯ ಸುತ್ತಮುತ್ತ ಮುಸಲ್ಮಾನರ ಅಂಗಡಿಗಳು, ಮಸೀದಿಗಳು. ಅವುಗಳ ಮಗ್ಗುಲಲ್ಲಿಯೇ ಬಸಿಲಿಕಾದ ಗೋಪುರ. ಮಾರುಕಟ್ಟೆಯ ಹೂವಿನವರಿಗೆ ಗಣಪತಿಯ ಹಾರ, ಮಾತೆಯ ಹಾರ ಎಂಬ ಭೇದವಿರಲಿಲ್ಲ. ಒಂದೇ ಬುಟ್ಟಿಯ ಸೇವಂತಿಗೆ ಎರಡು ಕಡೆಗೂ ಹೋಗುತ್ತಿತ್ತು.

ಆಗಸ್ಟ್ 29ರಂದು ಧ್ವಜಾರೋಹಣದೊಡನೆ ಉತ್ಸವ ಮೊದಲಾಗುತ್ತದೆ. ಆ ಬಳಿಕ ಒಂಬತ್ತು ದಿನ ಪ್ರಾರ್ಥನೆ; ಇದಕ್ಕೆ ನೊವೇನ ಎನ್ನುತ್ತಾರೆ. ಕೊನೆಗೆ 8ರಂದು ಹಬ್ಬ, ಸಂಜೆಗೆ ತೇರು. ಹರಕೆ ಹೊತ್ತ ಅನೇಕರು ಕಾವಿಯ ಬಟ್ಟೆ ತೊಟ್ಟಿದ್ದರು. ನಮ್ಮ ಕಣ್ಣಿಗೆ ಕಾವಿಯೆಂದರೆ ವಿರಕ್ತರ ವಸ್ತ್ರ. ಇಲ್ಲಿ ಕೂಲಿಯವನೂ, ಕಚೇರಿಯ ಗುಮಾಸ್ತನೂ, ಕಾಲೇಜಿನ ಹುಡುಗಿಯೂ ಕೆಲದಿನಗಳ ಮಟ್ಟಿಗೆ ಅದನ್ನು ವ್ರತವಾಗಿ ಧರಿಸುವರು. ಅಂಗಡಿಗಳಲ್ಲಿ ಮೇಣದ ಕೈ, ಮೇಣದ ಕಾಲು, ಪುಟ್ಟ ತೊಟ್ಟಿಲು, ಪುಟ್ಟ ಮನೆ ಮಾರುತ್ತಿದ್ದರು. ಕಾಲುನೋವಿನವನು ಕಾಲನ್ನು, ಮಕ್ಕಳಿಲ್ಲದವಳು ತೊಟ್ಟಿಲನ್ನು, ಬಾಡಿಗೆ ಕಟ್ಟಿ ಬಸವಳಿದವನು ಮನೆಯನ್ನು ಕೊಂಡು ಒಪ್ಪಿಸುವರು. ನಮ್ಮ ಗ್ರಾಮದೇವತೆಗಳ ಗುಡಿಗಳಲ್ಲಿ ಬೆಳ್ಳಿಯ ಕಣ್ಣು, ಬೆಳ್ಳಿಯ ತೊಟ್ಟಿಲು ಒಪ್ಪಿಸುವವರನ್ನು ನೋಡಿದ ನನಗೆ ಇದು ಹೊಸತೆನಿಸಲಿಲ್ಲ. ಆ ಅಂಗಡಿಗಳ ಮುಂದೆ ಅರ್ಧ ಗಂಟೆ ನಿಂತರೆ ಮಹಾನಗರದ ಜನಕ್ಕೆ ಏನೇನು ಕೊರತೆಗಳಿವೆಯೆಂಬುದರ ಪಟ್ಟಿಯೇ ಸಿಗುತ್ತದೆ.

ಮಾತೆಯ ವಿಗ್ರಹಕ್ಕೆ ಸೀರೆ ಉಡಿಸುವುದು ಇಲ್ಲಿನ ವಿಶೇಷ. ಕಟ್ಟಡ ಯೂರೋಪಿನ ಮಾದರಿಯದು, ಒಳಗಿರುವ ತಾಯಿಯ ಉಡುಗೆ ಮಾತ್ರ ನಮ್ಮ ಮನೆಯ ಹೆಣ್ಣುಮಕ್ಕಳದು. ಉತ್ಸವದ ದಿನಗಳಲ್ಲಿ ಸೀರೆಯ ಬಣ್ಣ ಬದಲಾಗುತ್ತಿರುತ್ತದೆ. ಮೇರಿಯನ್ನು ಅವರು ದೇವರೆಂದು ಪೂಜಿಸುತ್ತಾರೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಆದರೆ ಕಥೋಲಿಕ ಧರ್ಮಬೋಧೆಯಲ್ಲಿ ಆರಾಧನೆ ದೇವನೊಬ್ಬನಿಗೇ ಸಲ್ಲತಕ್ಕದ್ದು. ಮಾತೆಗೆ ಸಲ್ಲುವುದು ವಿಶೇಷ ಗೌರವ. ಆಕೆ ಮಗನಲ್ಲಿ ನಮ್ಮ ಪರವಾಗಿ ಬೇಡುವಳೆಂಬುದು ಅವರ ವಿಶ್ವಾಸ. ತಂದೆಯ ಮುಂದೆ ನಿಲ್ಲಲು ಅಂಜುವ ಮಕ್ಕಳು ತಾಯಿಯ ಸೆರಗು ಹಿಡಿಯುವಂತೆಯೇ ಇದು.

ಸೀರೆ, ಕಾಣಿಕೆಗಳನ್ನು ಸ್ವೀಕರಿಸುವ ಕಡೆ ಉದ್ದವಾದ ಸಾಲಿತ್ತು. ನನ್ನ ಸರದಿ ಬಂದಾಗ ಮೇಜಿನ ಹಿಂದೆ ಕುಳಿತಿದ್ದ ಹಿರಿಯ ಮಹಿಳೆ ತಮಿಳಿನಲ್ಲಿ ಏನೋ ಕೇಳಿದರು. ನಾನು ಕನ್ನಡದಲ್ಲಿ ಉತ್ತರಿಸಿದೆ. ನನ್ನ ಹಿಂದೆ ನಿಂತಿದ್ದ ತರುಣನೊಬ್ಬ ಎರಡೂ ಭಾಷೆ ಬಲ್ಲವನು. "ಯಾರ ಹೆಸರಿನಲ್ಲಿ ಅಂತ ಕೇಳ್ತಿದಾರೆ ಸರ್" ಎಂದ. ರೈಟರ ಹೆಸರು ಹೇಳಿದೆ. ಆಕೆ ನನ್ನ ಹಣೆಯನ್ನೊಮ್ಮೆ ನೋಡಿ, ಈ ಬಾರಿ ತೊದಲುಗನ್ನಡದಲ್ಲಿ, "ನಿಮಗೆ ಅವರು ಏನಾಗಬೇಕು?" ಎಂದರು. "ನೆರೆಯವರು. ತೀರಿಹೋದರು" ಎಂದೆ. ಆಕೆ ಸೀರೆಯನ್ನು ಎರಡೂ ಕೈಯಿಂದ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಪಕ್ಕದಲ್ಲಿಟ್ಟರು. ಬೇರೆ ಸೀರೆಗಳ ಮೇಲೆ ಹಾಕಲಿಲ್ಲ. ಒಂದು ಕ್ಷಣ ಅದನ್ನು ಪ್ರತ್ಯೇಕವಾಗಿಯೇ ಇಟ್ಟರು. ನನ್ನ ಗಂಟಲು ಕಟ್ಟಿತು. ಬಸ್ಸಿನಲ್ಲಿ ನನ್ನೊಡನೆ ಬಂದಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಆ ಹೊತ್ತಿಗೆ ತೋರಲಿಲ್ಲ; ಆದರೆ ಪ್ರಶ್ನೆಯ ಭಾರ ಇಳಿದಿತ್ತು.

ಭಾಷೆಯ ವಿಚಾರವನ್ನು ಇಲ್ಲಿ ಹೇಳದೆ ಬಿಡಲಾಗದು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಲ್ಯಾಟಿನ್ನಿನ ಬದಲು ಜನರ ಭಾಷೆಯಲ್ಲಿ ಪೂಜೆ ನಡೆಸಲು ಅನುಮತಿ ದೊರೆಯಿತು. ಹಳ್ಳಿಯಲ್ಲಿ ಇದು ಸುಲಭ. ಊರಿನ ಭಾಷೆ ಒಂದೇ. ಬೆಂಗಳೂರಿನಂಥ ನಗರದಲ್ಲಿ ಜನರ ಭಾಷೆ ಯಾವುದು? ತಮಿಳರು ತಲೆಮಾರುಗಳಿಂದ ಇಲ್ಲಿದ್ದಾರೆ. ಮಲಯಾಳ, ಕೊಂಕಣಿ, ತೆಲುಗಿನವರಿದ್ದಾರೆ. ಇಂಗ್ಲಿಷೊಂದನ್ನೇ ಬಲ್ಲ ಮಕ್ಕಳಿದ್ದಾರೆ. ನಾಡಿನ ಭಾಷೆಯಾದ ಕನ್ನಡಕ್ಕೆ ದೇವಾಲಯದಲ್ಲಿ ತಕ್ಕ ಸ್ಥಾನ ಬೇಕೆಂದು ಕನ್ನಡ ಕ್ರೈಸ್ತರು ದಶಕಗಳಿಂದ ಕೇಳುತ್ತ ಬಂದಿದ್ದಾರೆ. ಆ ಕೇಳಿಕೆಯ ಹಿಂದೆ ನೋವಿನ ಕಥೆಗಳೂ ಇವೆ. ಹದಿನೇಳನೆಯ ಶತಮಾನದಲ್ಲಿಯೇ ಯೇಸುಸಭೆಯ ಪಾದ್ರಿ ಚಿನ್ನಾಮಿ ಮೈಸೂರು ಸೀಮೆಗೆ ಬಂದು ಕನ್ನಡ ಕಲಿತು ಕನ್ನಡದಲ್ಲಿ ಬರೆದರು. ಕನಕಪುರದ ಕಡೆಯ ಹಾರೋಬೆಲೆಯಂಥ ಊರುಗಳಲ್ಲಿ ಅಚ್ಚಕನ್ನಡದ ಕ್ರೈಸ್ತ ರೈತಾಪಿ ಜನ ಬಾಳಿಕೊಂಡು ಬಂದಿದ್ದಾರೆ. ಹೀಗಿರುವಾಗ ಅವರ ಕೇಳಿಕೆ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ. ಅಂದು ಬಸಿಲಿಕಾದಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಭಾಷೆಗಳಲ್ಲಿ ಪೂಜೆಗಳು ಒಂದಾದ ಮೇಲೊಂದರಂತೆ ನಡೆದವು. ಕನ್ನಡ ಪೂಜೆಯ ಹೊತ್ತಿನಲ್ಲಿ ಒಳಗೆ ನಿಂತಿದ್ದೆ. ಪಕ್ಕದಲ್ಲಿದ್ದ ಮುದುಕಿಗೆ ಆ ಭಾಷೆ ಬಾರದೆಂಬುದು ಆಕೆಯ ತುಟಿಗಳಿಂದಲೇ ತಿಳಿಯುತ್ತಿತ್ತು. ಆಕೆ ತನ್ನ ತಮಿಳಿನ ಜಪವನ್ನು ತಾನು ಮಾಡುತ್ತಿದ್ದಳು. ಆದರೂ ಎಲ್ಲರೂ ಮೊಣಕಾಲೂರಿದಾಗ ಊರಿದಳು, ಎದ್ದಾಗ ಎದ್ದಳು. ಭಾಷೆಯ ನ್ಯಾಯ ಬೇರೆ, ಭಕ್ತಿಯ ಕೂಟ ಬೇರೆ. ಮೊದಲನೆಯದನ್ನು ಪಡೆಯುವ ಯತ್ನದಲ್ಲಿ ಎರಡನೆಯದು ಒಡೆಯದಂತೆ ನೋಡಿಕೊಳ್ಳುವುದು ಹಿರಿಯರ ಹೊಣೆ.

ಆರೋಗ್ಯಮಾತೆಯೆಂಬ ಹೆಸರು ಬಂಗಾಳ ಕೊಲ್ಲಿಯ ತೀರದ ವೇಳಾಂಕಣ್ಣಿಯಿಂದ ಪ್ರಸಿದ್ಧವಾದುದು. ಬೆಂಗಳೂರಿನಲ್ಲಿ ಈ ಹೆಸರಿಗೆ ಇನ್ನೂ ಒಂದು ಅರ್ಥವಿದೆ. 1898ರಲ್ಲಿ ಪ್ಲೇಗು ಈ ನಗರವನ್ನು ಹೊಕ್ಕಿತು. ಜನ ಮನೆಮಾರು ಬಿಟ್ಟು ಬಯಲಿಗೆ ಓಡಿದರು. ಬಸವನಗುಡಿ, ಮಲ್ಲೇಶ್ವರಗಳು ಬೇಗ ಬೆಳೆದುದಕ್ಕೆ ಆ ಮಹಾಮಾರಿಯೂ ಒಂದು ಕಾರಣ. ಬೀದಿಗಳಲ್ಲಿ ಪ್ಲೇಗಿನಮ್ಮನ ಗುಡಿಗಳೆದ್ದವು. ಕಾಯಿಲೆಯ ಭಯದ ಮುಂದೆ ಎಲ್ಲ ಜಾತಿಮತಗಳ ತಾಯಂದಿರೂ ತಮ್ಮ ತಮ್ಮ ತಾಯಿಯ ಬಾಗಿಲಿಗೆ ಓಡಿದರು. 2020ರ ಸಾಂಕ್ರಾಮಿಕದಲ್ಲಿ ಆರೋಗ್ಯ ಬೇಡಲು ಹೋಗುವ ಬಾಗಿಲೇ ಜನಸಂದಣಿಗೆ ಮುಚ್ಚಬೇಕಾಗಿ ಬಂದಿತು. ಕ್ರೈಸ್ತ ಸಮಾಜ ಪ್ರಾರ್ಥನೆಯೊಂದಕ್ಕೇ ನಿಲ್ಲಲಿಲ್ಲವೆಂಬುದನ್ನೂ ಸ್ಮರಿಸಬೇಕು. 1886ರಲ್ಲಿ ಸಂತ ಮಾರ್ಥಾ ಆಸ್ಪತ್ರೆ, 1963ರಲ್ಲಿ ಸಂತ ಜಾನ್ ವೈದ್ಯಕೀಯ ಕಾಲೇಜು ಈ ನಗರದಲ್ಲಿ ಆರಂಭವಾದವು. ದೇವರನ್ನು ಬೇಡುವ ಕೈಯೇ ರೋಗಿಯ ಹಣೆಯನ್ನೂ ಮುಟ್ಟಿದಾಗ ಧರ್ಮ ಪೂರ್ಣವಾಗುತ್ತದೆ. ನಮ್ಮ ಮಠಗಳ ಅನ್ನ, ಅಕ್ಷರ ದಾಸೋಹದಲ್ಲಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಸಂಜೆ ತೇರು ಹೊರಟಿತು. ದೀಪಾಲಂಕಾರದ ರಥದಲ್ಲಿ ಮಾತೆ ಬೀದಿಗೆ ಬಂದಾಗ ಇಕ್ಕೆಲಗಳ ಮಹಡಿಗಳಿಂದ ಹೂ ಎರಚಿದರು. ಟೋಪಿ ಧರಿಸಿದ್ದ ಅಂಗಡಿಯವರೊಬ್ಬರು ತಮ್ಮ ಮೆಟ್ಟಿಲ ಮೇಲೆ ಹೆಂಗಸರು ಮಕ್ಕಳಿಗೆ ನಿಲ್ಲಲು ಜಾಗ ಮಾಡಿಕೊಟ್ಟಿದ್ದರು. ಹಣೆಯ ತುಂಬ ಕುಂಕುಮವಿಟ್ಟ ಒಬ್ಬಾಕೆ ಮಗುವನ್ನು ಎತ್ತಿ ಹಿಡಿದು ರಥದತ್ತ ತೋರಿಸಿದಳು. ಕೆಲವು ಮನೆಯವರು ಡಬರಿಗಳಲ್ಲಿ ಅನ್ನ ತಂದು ಬಂದವರಿಗೆಲ್ಲ ಬಡಿಸುತ್ತಿದ್ದರು. ನನ್ನ ವಿಭೂತಿಯನ್ನು ಕಂಡ ಹುಡುಗ, "ತಾತ, ಇದು ಬರೀ ತರಕಾರಿ ಅನ್ನ, ತಿನ್ನಬಹುದು" ಎಂದು ಎಲೆ ಕೊಟ್ಟ. ಇಂಥ ದೃಶ್ಯಗಳಿಂದ ನಗರದ ಕಲಹಗಳೆಲ್ಲ ತೀರಿದವೆಂದು ಭಾವಿಸುವಷ್ಟು ಸರಳನಲ್ಲ ನಾನು. ಮರುದಿನ ಅದೇ ಬೀದಿಯಲ್ಲಿ ವಾಹನ ನಿಲ್ಲಿಸುವ ಜಾಗಕ್ಕಾಗಿ ಜಗಳವಾಗಬಹುದು. ಆದರೆ ಆ ಹುಡುಗ ನನ್ನ ಆಚಾರವನ್ನು ಗಮನಿಸಿ ಅದಕ್ಕೆ ತಕ್ಕಂತೆ ಬಡಿಸಿದುದು ಸತ್ಯ. ಆ ಸತ್ಯವನ್ನು ಯಾವ ಕಲಹವೂ ಅಳಿಸಲಾರದು.

ಇಂಥದು ಬೆಂಗಳೂರಿನಲ್ಲಿ ಇದೊಂದೇ ಸ್ಥಳವಲ್ಲ. ವಿವೇಕನಗರದ ಬಾಲಯೇಸುವಿನ ದೇವಾಲಯಕ್ಕೆ ಗುರುವಾರಗಳಂದು ಎಲ್ಲ ಮತದವರೂ ಬರುತ್ತಾರೆ. ಕೃಷ್ಣರಾಜನಗರದ ಕಡೆಯ ದೋರನಹಳ್ಳಿಯಲ್ಲಿ, ಉಳುವ ರೈತನ ನೇಗಿಲಿಗೆ ಸಿಕ್ಕ ವಿಗ್ರಹವೆಂದು ಪ್ರತೀತಿಯಿರುವ ಸಂತ ಅಂತೋನಿಯವರಲ್ಲಿಗೆ ಸುತ್ತಲಿನ ಒಕ್ಕಲು ಮಕ್ಕಳೆಲ್ಲ ಹರಕೆ ಹೊರುತ್ತಾರೆ. ಹರಕೆಗೆ ಮತದ ಗಡಿಯಿಲ್ಲವೆಂಬುದು ನಮ್ಮ ಜನದ ಹಳೆಯ ತಿಳಿವಳಿಕೆ.

ಊರಿಗೆ ಮರಳಿದ ದಿನ ಬಾಯಮ್ಮನವರ ಮನೆಗೆ ಹೋದೆ. ತೇರಿನ ವೈಭವವನ್ನು ವರ್ಣಿಸಲು ತೊಡಗಿದೆನಾದರೂ ಅವರ ಮನಸ್ಸು ಅಲ್ಲಿರಲಿಲ್ಲ. "ಹೆಸರು ಯಾರದು ಹೇಳಿದಿರಿ, ಮೇಷ್ಟ್ರೇ?" ಎಂದು ಕೇಳಿದರು. "ರೈಟರದೇ" ಎಂದೆ. "ಹಾಗಾದರೆ ಮುಟ್ಟಿತು" ಎಂದು ಒಳಗೆ ಹೋಗಿ, ತಮ್ಮ ಇಗರ್ಜಿಯ ಹಬ್ಬದಲ್ಲಿ ಆಶೀರ್ವದಿಸಿದ ತೆನೆಯಲ್ಲಿ ಎರಡು ಎಸಳು ತಂದು ಕೊಟ್ಟರು. ನನ್ನ ಮಡದಿ ಅದನ್ನು ನಮ್ಮ ಕದಿರಿನೊಡನೆಯೇ ಬಾಗಿಲಿಗೆ ಕಟ್ಟಿದಳು.

ದೇವರಮನೆಯ ಮಂಜಿನಲ್ಲಿ ಒಬ್ಬನೇ ನಿಂತಾಗ ಮನಸ್ಸು ತನ್ನೊಳಗೆ ತಿರುಗುತ್ತದೆ. ಶಿವಾಜಿನಗರದ ಜನಸಾಗರದಲ್ಲಿ ನಿಂತಾಗ ಅದು ಇತರರ ಕಡೆಗೆ ತಿರುಗುತ್ತದೆ. ಸಾಧಕನಿಗೆ ಎರಡೂ ಬೇಕು. ಮಹಾನಗರದಲ್ಲಿ ಯಾತ್ರೆ ಹೇಗೆ ಸಾಧ್ಯವೆಂಬ ನನ್ನ ಹಳೆಯ ಯೋಚನೆಗೆ ದೊರೆತ ಸಮಾಧಾನವಿದು. ಎತ್ತರ, ಏಕಾಂತಗಳಿಲ್ಲದ ಕಡೆಯಲ್ಲಿ ಇನ್ನೊಬ್ಬರ ಕಷ್ಟವೇ ಕ್ಷೇತ್ರವಾಗುತ್ತದೆ. ನಮ್ಮ ನಿಷ್ಠೆಯನ್ನು ಹಣೆಯ ಮೇಲೆಯೂ ಎದೆಯ ಮೇಲೆಯೂ ಉಳಿಸಿಕೊಂಡೇ ನೆರೆಯವರ ನಂಬಿಕೆಯ ಗಂಟನ್ನು ಜೋಪಾನವಾಗಿ ಹೊತ್ತು ಮುಟ್ಟಿಸಬಹುದು. ಹಾಗೆ ಮುಟ್ಟಿಸಿದ್ದರಿಂದ ನನ್ನ ಪೂಜೆಗೆ ಯಾವ ಕೊರತೆಯೂ ಬಂದಿಲ್ಲವೆಂದು ಹಿರಿಯ ಬಂಧುಗಳಿಗೆ ವಿನಯದಿಂದ ನಿವೇದಿಸಿಕೊಳ್ಳುತ್ತೇನೆ.